ದ್ವೀಪದವರ ಆಟದಲ್ಲಿ ಕುದ್ರುವಿನ ವಸಂತಣ್ಣ

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕಿಂಯ್ ಕಿಂಯ್ ಎಂದು ಸದ್ದು. "ವಾಷಿಂಗ್ ಮಷೀನ್ ಬೆಲ್ಟ್ ಹೋಯ್ತಾ ಏನ್ರೀ?" ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಮಷೀನ್ ನೆಟ್ಟಗೇ ಇತ್ತು. ಸದ್ದು ಬರುತ್ತಿದ್ದುದು ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ನನ್ನ ಫೋನಿನಿಂದ. ಮರದ ನೆಲದ ಮೇಲೆ ಆಟಗಾರರ ಬೂಟು ಉಜ್ಜುವ ಸದ್ದು ಅದು. ಹಳೆಯ ಗೆಳೆಯ ರೋಡೆಲ್ ಎಲ್ಲಿಂದಲೋ ಹುಡುಕಿ ಕಳಿಸಿದ್ದ ಲಿಂಕು: ಭೂಪಟದಲ್ಲಿ ಸಾಸಿವೆ ಚೆಲ್ಲಿದಂತೆ ಕಾಣುವ ಪೆಸಿಫಿಕ್ ದ್ವೀಪದೇಶಗಳ ಗಂಡಸರ ಹ್ಯಾಂಡ್‌ಬಾಲ್ ಪಂದ್ಯಾವಳಿ. ಅಲ್ಲಿ ಸಂಜೆ. ಆಟದ ಹಾಲ್‌ನ ಬಾಗಿಲು ತೆರೆದೇ ಇತ್ತು, ಆಚೆ ತೆಂಗಿನಮರಗಳು, ಅದರಾಚೆ ನೀಲಿಯೋ ಬೂದಿಯೋ ಎನ್ನಲಾಗದ ಒಂದು ಬಣ್ಣ. ಸಮುದ್ರವೇ ಇರಬೇಕು. ಪ್ರೇಕ್ಷಕರು ಮೂವತ್ತು ಜನ ಇದ್ದರೆ ಹೆಚ್ಚು.

ನಾನು ಚಿತ್ರದುರ್ಗದ ಕಡೆಯವನು. ಸಮುದ್ರ ಅಂತ ಮೊದಲು ಕಣ್ಣಾರೆ ಕಂಡಿದ್ದೇ ಕುವೈತಿಗೆ ಬಂದಮೇಲೆ. ನನ್ನಂಥ ಒಣನೆಲದವನಿಗೂ ದ್ವೀಪದವರ ಆಟಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮದುವೆಗೆ ಮುಂಚೆ ನಾನು ಕುವೈತಿನ ಮಂಗಫ್‌ನಲ್ಲಿ ನಾಲ್ಕು ಜನರ ಜೊತೆ ರೂಮಿನಲ್ಲಿದ್ದೆ. ಎಲ್ಲರೂ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಶುಐಬಾದ ಪ್ಲಾಂಟಿಗೆ ಹೋಗುವವರು. ಅವರಲ್ಲಿ ಹಿರಿಯರು ವಸಂತಣ್ಣ, ಉಡುಪಿ ಕಡೆಯವರು, ಸ್ಟೋರ್ ಕೀಪರ್. ಮನೆಮಾತು ತುಳು, ನನ್ನೊಡನೆ ಮಾತ್ರ ಕನ್ನಡ. ಅವರ ಊರು ಒಂದು ಕುದ್ರು. ಹಾಗಂದರೇನು ಎಂದು ನಾನು ಕೇಳಿದ ಸಂಜೆ ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಹೊಳೆ ಸಮುದ್ರಕ್ಕೆ ಸೇರುವ ಮೊದಲು ನಡುವಲ್ಲಿ ಸ್ವಲ್ಪ ಮಣ್ಣು ಬಿಟ್ಟು ಹೋಗ್ತದೆ ಮಾರಾಯ. ಅದರ ಮೇಲೆ ನಾವು ಐವತ್ತು ಮನೆ. ನಾಲ್ಕೂ ಕಡೆ ನೀರು. ಉಬ್ಬರಕ್ಕೆ ಬಾವಿನೀರು ಸಹ ಉಪ್ಪಾಗ್ತದೆ." ಏಸಿ ಗುರುಗುಟ್ಟುವ ಆ ರೂಮಿನಲ್ಲಿ ಮಲಗಿ ಕೇಳುತ್ತಿದ್ದರೆ ಮಂಚ ಮೆಲ್ಲಗೆ ತೇಲಿದಂತಾಗುತ್ತಿತ್ತು. ಈಜು ಬಾರದ ನಾನು ಹಾಸಿಗೆಯ ಅಂಚು ಹಿಡಿದುಕೊಳ್ಳುತ್ತಿದ್ದೆ.

ಅವರಿಗೆ ಜೀವನದಲ್ಲಿ ಎರಡೇ ಹಟ. ಒಂದು, ಊರಿಗೆ ಸೇತುವೆ. ಅವರ ಅಪ್ಪನಿಗೆ ಎದೆನೋವು ಬಂದ ದಿನ ನೆರೆ ಏರಿತ್ತಂತೆ, ದೋಣಿ ದಾಟಲಿಲ್ಲವಂತೆ. ಅಂದಿನಿಂದ ಅರ್ಜಿ ಬರೆಯತೊಡಗಿದವರು ಮಂಗಫ್‌ನಿಂದಲೂ ಬರೆಯುತ್ತಿದ್ದರು. ಅದರ ಕನ್ನಡ ತಿದ್ದುವ ಕೆಲಸ ನನ್ನದು. "ಘನ ಸರ್ಕಾರ" ಎಂದಿದ್ದಲ್ಲಿ "ಮಾನ್ಯ" ಎಂದು ಮಾಡಿ, ನನ್ನಿಂದಲೇ ಸೇತುವೆ ಎದ್ದೀತು ಎಂಬಂತೆ ಬೀಗುತ್ತಿದ್ದೆ.

ಇನ್ನೊಂದು ಹಟ ಹ್ಯಾಂಡ್‌ಬಾಲ್. ಕಾಲೇಜಿನಲ್ಲಿದ್ದಾಗ ಅವರು ಯೂನಿವರ್ಸಿಟಿ ತಂಡದ ಎರಡನೇ ಗೋಲ್‌ಕೀಪರ್. ಎರಡನೆಯವರು ಎಂದರೆ ಮೊದಲನೆಯವನ ಟವೆಲ್ ಹಿಡಿದು ಬೆಂಚಿನ ಮೇಲೆ ಕೂರುವವರು. ಎರಡು ವರ್ಷ ಕೂತರು, ಒಂದು ನಿಮಿಷವೂ ಆಡಲಿಲ್ಲ. "ಒಂದೇ ಒಂದು ಸಲ ಬೆನ್ನ ಹಿಂದೆ ನೆಟ್, ಎದುರು ನಿಜವಾದ ಟೀಮ್. ಹತ್ತು ಗೋಲು ಬಿಟ್ಟರೂ ಅಡ್ಡಿಲ್ಲ. ನಿಲ್ಬೇಕು," ಎನ್ನುತ್ತಿದ್ದರು. ನಲವತ್ತೈದರ ವಯಸ್ಸಿನಲ್ಲಿ, ಲುಂಗಿಯಲ್ಲಿ, ರೂಮಿನ ಬಾಗಿಲನ್ನೇ ಗೋಲಾಗಿ ಮಾಡಿಕೊಂಡು ಕೈಕಾಲು ಅಗಲಿಸಿ ಹಾರಿ ತೋರಿಸುತ್ತಿದ್ದರು. ಕೆಳಗಿನ ಮನೆಯವರು ಬಂದು ಬಾಗಿಲು ಬಡಿಯುವುದೂ ನಡೆಯುತ್ತಿತ್ತು.

ಕುವೈತಿನವರಿಗೆ ಹ್ಯಾಂಡ್‌ಬಾಲ್ ಎಂದರೆ ಪ್ರಾಣ. ಆ ಗಾಳಿ ನಮ್ಮ ಪ್ಲಾಂಟಿಗೂ ಬೀಸಿ, ಫಿಲಿಪೀನಿ ವೆಲ್ಡರ್ ರೋಡೆಲ್ ಒಂದು ಪಂದ್ಯಾವಳಿ ಏರ್ಪಡಿಸಿದ. ದ್ವೀಪದೇಶದವರಿಗೆ ಮಾತ್ರ: ಫಿಲಿಪೀನ್ಸ್, ಶ್ರೀಲಂಕಾ, ಬಹ್ರೇನ್. ದೊಡ್ಡ ದೇಶದವರು ಎಲ್ಲದರಲ್ಲೂ ನುಗ್ಗುತ್ತಾರೆ, ಇದೊಂದು ನಮಗಿರಲಿ ಎಂಬುದು ಅವನ ವಾದ. ರಾಯ್ ಎಂಬ ಕಡೆ ಗ್ಯಾರೇಜುಗಳ ಹಿಂದೆ ಒಂದು ಒಳಾಂಗಣ ಕ್ರೀಡಾಂಗಣ ಗೊತ್ತುಮಾಡಿದರು. ಯಾವ ದ್ವೀಪಕ್ಕೂ ಸೇರದ, ಯಾರ ಕಡೆಯೂ ವಾಲದ ಮನುಷ್ಯ ಎಂದು ನನ್ನನ್ನು ಗಡಿಯಾರ ನೋಡಲು ಕೂರಿಸಿದರು. ನನಗೆ ಆಟ ಬಾರದು, ಆದರೆ ಸಮಯ ನೋಡಲು ಬರುತ್ತದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ.

ಕೊನೆಯ ಆಟ ಶ್ರೀಲಂಕಾ ಮತ್ತು ಫಿಲಿಪೀನ್ಸ್ ನಡುವೆ. ಅಂದು ಬೆಳಿಗ್ಗೆಯೇ ಶ್ರೀಲಂಕಾದ ಗೋಲ್‌ಕೀಪರನನ್ನು ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಡ್ಯೂಟಿಗೆ ಎಳೆದುಕೊಂಡು ಹೋದರು. ಸುದ್ದಿ ಕೇಳಿದ್ದೇ ತಡ, ವಸಂತಣ್ಣ ಲಂಕಾದವರ ಮುಂದೆ ಹಾಜರು. ನನ್ನದೂ ದ್ವೀಪ, ನಾನು ನಿಲ್ಲುತ್ತೇನೆ ಎಂದರು. ಲಂಕಾದವರಿಗೂ ಬೇರೆ ದಾರಿ ಇರಲಿಲ್ಲ, ಜರ್ಸಿ ಕೊಟ್ಟೇಬಿಟ್ಟರು. ಅದು ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಅದನ್ನು ತೊಟ್ಟು ಗೋಲಿನ ಎರಡೂ ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದಾಗಿನ ಅವರ ಮುಖದ ಕಳೆಯನ್ನು ನಾನು ಬೇರೆ ಯಾವ ದಿನವೂ ನೋಡಲಿಲ್ಲ.

ರೋಡೆಲ್ ಆಟಗಾರರ ಪಟ್ಟಿ ಹಿಡಿದು ನನ್ನ ಮೇಜಿಗೆ ಬಂದ. ವಸಂತಣ್ಣ ಪಕ್ಕದಲ್ಲೇ ನಿಂತು ಫೋನಿನಲ್ಲಿದ್ದ ಹಳೆಯ ಚಿತ್ರ ತೋರಿಸಿದರು. ಹೊಳೆ ದಾಟುವ ಕಡವು, ದೋಣಿ, ದೋಣಿಯಲ್ಲಿ ಅವರಮ್ಮ. "ದೇಖೋ ಭಾಯಿ, ಚಾರೋ ತರಫ್ ಪಾನಿ. ಐಲ್ಯಾಂಡ್!" ರೋಡೆಲ್ ನಕ್ಕ. ಒಪ್ಪಿಕೊಳ್ಳುವ ಮನಸ್ಸು ಅವನಿಗೂ ಇತ್ತು ಎಂದು ನನಗೆ ಈಗ ಅನಿಸುತ್ತದೆ. ಒಂದು ಮಾತಿಗೆ ಅಂತ ನನ್ನ ಕಡೆ ತಿರುಗಿದ. "ಯು ಆನೆಸ್ಟ್ ಮ್ಯಾನ್. ಹಿಸ್ ಪ್ಲೇಸ್, ಓನ್ಲಿ ಬೋಟ್?"

ಆನೆಸ್ಟ್ ಮ್ಯಾನ್! ಆ ಹೊಗಳಿಕೆಗೆ ಉಬ್ಬಿಹೋದೆ ನೋಡಿ. ಅವರ ಊರಿನ ಸೇತುವೆ ಕೊನೆಗೂ ಎದ್ದು, ಉದ್ಘಾಟನೆಯಾಗಿ ಆಗ ಎರಡು ತಿಂಗಳಾಗಿತ್ತು. ಆ ಖುಷಿಗೆ ವಸಂತಣ್ಣ ರೂಮಿನಲ್ಲಿ ಮಾಡಿದ ಗೋಧಿ ಪಾಯಸವನ್ನು ನಾನೇ ಎರಡು ಸಲ ಹಾಕಿಸಿಕೊಂಡು ತಿಂದಿದ್ದೆ. ಬೆನ್ನು ನೆಟ್ಟಗೆ ಮಾಡಿ ಹೇಳಿದೆ: "ಬಿಫೋರ್, ಬೋಟ್. ನೌ, ಬ್ರಿಡ್ಜ್."

ವಸಂತಣ್ಣ ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿದರು. "ಖಲಾಸ್. ಬ್ರಿಡ್ಜ್, ನೋ ಐಲ್ಯಾಂಡ್," ಎಂದ ರೋಡೆಲ್, ಅವನಿಗೂ ಬೇಸರವೇ. ವಸಂತಣ್ಣ ಜರ್ಸಿ ಬಿಚ್ಚಿ, ತೋಳು ಒಳಕ್ಕೆ ಮಡಚಿ, ಅಂಗಡಿಯಲ್ಲಿ ಇಡುವ ಹಾಗೆ ಚೌಕ ಮಾಡಿ ಮೇಜಿನ ಮೇಲಿಟ್ಟರು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಆಟ ಮುಗಿಯುವವರೆಗೂ ನನಗೆ ಗೋಲು ಎಣಿಸಿಕೊಟ್ಟರು. ಗೋಲು ಕಾಯಲು ಬಾರದವನೊಬ್ಬನನ್ನು ನಿಲ್ಲಿಸಿಕೊಂಡ ಲಂಕಾ ಚೆನ್ನಾಗಿ ಸೋತಿತು.

ವಾಪಸ್ ಬರುವಾಗ, ಬಸ್ಸು ಅರ್ಧ ದಾರಿ ದಾಟಿದ ಮೇಲೆ, ನನಗೆ ಬುದ್ಧಿ ಬಂತು. "ವಸಂತಣ್ಣ, ಬಹ್ರೇನಿಗೂ ಸೌದಿಯಿಂದ ಸೇತುವೆ ಇದೆಯಲ್ಲ! ಅವರನ್ನು ಆಡಿಸಿದರಲ್ಲ!" ಅವರು ಕಿಟಕಿಯಿಂದ ಮುಖ ತಿರುಗಿಸದೆ, "ಹೌದಲ್ವಾ," ಎಂದರು. ಅಷ್ಟೇ. ಮುಂದೆ ಎರಡು ವರ್ಷ ಒಂದೇ ರೂಮಿನಲ್ಲಿದ್ದೆವು. ಆ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಹಬ್ಬಕ್ಕೊಂದು ಮೆಸೇಜು, ಅದಕ್ಕೊಂದು ಕೈಮುಗಿಯುವ ಚಿತ್ರ, ಇಷ್ಟರಲ್ಲೇ ಎಂಟು ವರ್ಷ ಕಳೆದವು.

ಫೋನಿನೊಳಗೆ ಆ ದೂರದ ದ್ವೀಪದ ಗೋಲ್‌ಕೀಪರ್ ಎರಡೂ ಕಂಬ ಮುಟ್ಟಿ ನಿಂತದ್ದನ್ನು ಕಂಡಾಗ ನನಗೆ ತಡೆಯಲಾಗಲಿಲ್ಲ. ಹೆಂಡತಿಯ ಫೋನು ತೆಗೆದುಕೊಂಡು ವಸಂತಣ್ಣನಿಗೆ ಹಚ್ಚಿದೆ. ಯೋಗಕ್ಷೇಮ ಆಯಿತು. ಆಮೇಲೆ ಹೇಳಿಯೇಬಿಟ್ಟೆ. "ಅವತ್ತು ನಾನು ಸೇತುವೆ ಇಲ್ಲ ಅಂದುಬಿಡಬೇಕಿತ್ತು ವಸಂತಣ್ಣ. ಒಂದು ಸುಳ್ಳು ಹೇಳಿದ್ರೆ ನನ್ನ ಗಂಟೇನು ಹೋಗ್ತಿತ್ತು?"

"ಎಂಥ ಮಾರಾಯ ನೀನು," ಎಂದರು. "ನೀನು ಇಲ್ಲ ಅಂದಿದ್ರೂ ನಾನೇ ಉಂಟು ಅಂತಿದ್ದೆ. ಅಪ್ಪ ಹೋದ ಮೇಲೆ ಕಾಲು ಹಿಡಿದು ಮಾಡಿಸಿದ ಸೇತುವೆ. ಒಂದು ಆಟಕ್ಕಾಗಿ ಅದನ್ನು ಇಲ್ಲ ಅನ್ಲಿಕ್ಕೆ ಆಗ್ತದಾ? ಹೇಳ್ಲಿಕ್ಕೆ ಅಂತಲೇ ಬಾಯಿ ತೆರೆದೆ. ಅಷ್ಟರಲ್ಲಿ ನೀನು ಹೇಳಿಯಾಗಿತ್ತು."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. ಅವರೇ ಮುಂದುವರಿಸಿದರು.

"ಬೇಜಾರಾದದ್ದು ಆಡ್ಲಿಕ್ಕೆ ಸಿಗ್ಲಿಲ್ಲ ಅಂತ ಅಲ್ಲ. ಆಟ ಬಿಡುವುದಾದ್ರೆ ನಾನೇ ಬಿಡ್ಬೇಕಿತ್ತು. ಆ ಮಾತು ನಂದಲ್ವಾ?"

ಇಷ್ಟು ವರ್ಷ ನಾನು ನಿಜ ಹೇಳಿದ್ದಕ್ಕೆ ಕೊರಗಿದ್ದೆ. ತಪ್ಪು ಅದಾಗಿರಲೇ ಇಲ್ಲ. ಅವರು ತಮ್ಮ ಕೈಯಾರೆ ಕೊಡಬೇಕಿದ್ದುದನ್ನು ನಾನು ಕಸಿದು ಕೊಟ್ಟಿದ್ದೆ. "ತಪ್ಪಾಯ್ತು ವಸಂತಣ್ಣ," ಎಂದೆ. "ಆಯ್ತು ಬಿಡು. ಈಗ ಎಂಥ ಸದ್ದು ಅದು, ಬೂಟಿನದ್ದಾ?" ಎಂದು ಕೇಳಿದರು.

ಲಿಂಕು ಕಳಿಸಿದೆ. ಅವರು ಸೇತುವೆಯ ಕಟ್ಟೆಯ ಮೇಲೆ ಕೂತು, ನಾನು ಅಡುಗೆಮನೆಯಲ್ಲಿ ನಿಂತು, ಕರೆ ಕಡಿಯದೆ ಒಂದೇ ಆಟ ನೋಡತೊಡಗಿದೆವು. ನನ್ನ ಫೋನಿನಲ್ಲಿ ಆಟ ಅವರದಕ್ಕಿಂತ ಐದಾರು ಸೆಕೆಂಡು ಮುಂದಿತ್ತು. ಇಲ್ಲಿ ಗೋಲಾದ ಮೇಲೆ ಅಲ್ಲಿ "ಛೆ!" ಎನ್ನುತ್ತಿದ್ದರು. ಇನ್ನೇನು ಆಟ ಮುಗಿಯಬೇಕು, ಸ್ಕೋರು ಸಮ, ಏಳು ಮೀಟರಿನ ಪೆನಾಲ್ಟಿ. ಎಸೆಯುವವನು ಕೈ ಬೀಸಿದ. ಗೋಲ್‌ಕೀಪರ್ ಕೈಕಾಲು ಅಗಲಿಸಿ ಹಾರಿದ. ಚೆಂಡು ಅವನ ಪಾದಕ್ಕೆ ಬಡಿದು ಹೊರಗೆ ಹೋಯಿತು.

ನನ್ನ ಬಾಯಿಗೆ ಬಂದ ಕೂಗನ್ನು ಅಂಗೈಯಿಂದ ಒತ್ತಿ ಹಿಡಿದೆ. ಒಂದು, ಎರಡು, ಮೂರು. ಹೊಳೆಯ ಗಾಳಿ ಮಾತ್ರ ಕೇಳುತ್ತಿತ್ತು.

"ತಡೆದ ಮಾರಾಯ! ಕಾಲಲ್ಲಿ ತಡೆದ!"

"ಹೌದಾ ವಸಂತಣ್ಣ?" ಎಂದೆ.