ಮೊಮ್ಮಗಳ ಫೋಟೋ ಹಿಂದಿನ ನೀರು

ಬಂದಳು! ನನ್ನ ಮೊಮ್ಮಗಳು ನಿನ್ನೆ ನಮ್ಮ ಮನೆಗೆ ಬಂದಳು. ಪಕ್ಕದ ಮನೆಯವರಿಗೆ ಹೇಳಿದೆ, ತರಕಾರಿ ಗಾಡಿಯವನಿಗೆ ಹೇಳಿದೆ. ಅವನು "ಬಹೋತ್ ಅಚ್ಛಾ, ಮಾಂಜಿ" ಎಂದು ಒಂದು ಹಿಡಿ ಕೊತ್ತಂಬರಿ ಸುಮ್ಮನೆ ಕೊಟ್ಟ. ಇನ್ನು ಹೇಳಲು ಯಾರೂ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಳ್ಳಿ.

ಸೊಸೆ ಬಾಣಂತನಕ್ಕೆ ಇದೇ ಊರಿನ ಧರಮಪೇಠದ ತವರಿನಲ್ಲಿದ್ದಳು. ಪ್ರತಾಪ ನಗರದ ನಮ್ಮ ಮನೆಗೆ ಅದೇನು ದೂರವಲ್ಲ. ಆದರೆ ಕೂಸು ಮಲಗಬೇಕಾದ ಖೋಲಿಯ ಗೋಡೆ ಹಸಿಯಾಗಿತ್ತು. ಬಣ್ಣ ಹಪ್ಪಳದಂತೆ ಉಬ್ಬಿ ಉದುರುತ್ತಿತ್ತು. ನಾವೆಲ್ಲ ಕಿಟಕಿಯಲ್ಲಿನ ನೀರು ತುಂಬಿಸುವ ಕೂಲರಿನ ಮೇಲೆ ತಪ್ಪು ಹೊರಿಸಿದೆವು. ಮೇ ತಿಂಗಳ ಬಿಸಿಲಲ್ಲಿ ಪಾಪ ಅದನ್ನು ಬಂದ್ ಮಾಡಿ ಬೆವರುತ್ತಾ ಕೂತೆವು. ಗೋಡೆ ನಮಗಿಂತ ಹೆಚ್ಚು ಬೆವರಿತು. ಸೊಸೆಯ ತಾಯಿ, ನಮ್ಮ ಬೀಗಿತ್ತಿ, ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟರು: "ಎಲ್ಲಿಂದ ಬರತೈತಿ ಗೊತ್ತಿಲ್ಲದ ನೀರು ಇವತ್ತು ಆ ಖೋಲ್ಯಾಗ, ನಾಳೆ ಮನಿತುಂಬ. ಕೂಸಿಗೆ ಥಂಡಿ ಆದರ? ನಾ ಕಳಸಂಗಿಲ್ರಿ."

ನಮ್ಮ ಮನೆಯವರು ವಾಯುಪಡೆಯಿಂದ ನಿವೃತ್ತರಾದವರು. ಹುಕುಂ ಹೊರಡಿಸುವುದರಿಂದ ಮಾತ್ರ ನಿವೃತ್ತರಾಗಿಲ್ಲ. ನಿನ್ನೆ ಬೆಳಿಗ್ಗೆ ಮಾಳಿಗೆಯ ಮೇಲಿನ ಟಾಕಿ ತುಂಬಿಸಿ, ನೀರಿನ ಮಟ್ಟಕ್ಕೆ ಒಳಗೊಂದು ಗೆರೆ ಎಳೆದರು. "ಇನ್ನ ಒಂದು ಹನಿ ನೀರು ಖರ್ಚಾಗಬಾರದು. ಗೆರಿಗಿಂತ ಕೆಳಗ ಇಳಿತಂದ್ರ ಪೈಪು ಎಲ್ಲೋ ಸೋರತೈತಿ" ಎಂದು, ಕೊಡೆ ಹಿಡಿದು ಟಾಕಿಯ ಪಕ್ಕದಲ್ಲೇ ಕಾವಲು ಕೂತರು.

ನಾನು ಅದನ್ನು ನಿರ್ಜಲ ಏಕಾದಶಿ ಹಿಡಿದಂತೆ ಹಿಡಿದೆ. ಕುಡಿಯುವ ನೀರಿನ ಮಣ್ಣಿನ ಕೊಡದ ಬಾಯಿಗೂ ಬಟ್ಟೆ ಕಟ್ಟಿದೆ.

"ಅವ್ವಾ, ಕೊಡದಾಗಿನ ನೀರಿಗೂ ಟಾಕಿಗೂ ಏನ ಸಂಬಂಧ?" ಎಂದ ಮಗ, ಒಣಗಿದ ಗಂಟಲಲ್ಲಿ.

"ಹನಿ ಅಂದ್ರ ಹನಿ. ಅಪ್ಪಗ ಹೋಗಿ ಕೇಳು."

ಅಪ್ಪ ಮೇಲಿಂದ ಕೂಗಿದರು: "ಇಳೀಲಿಕ್ಕತ್ತೈತಿ! ಯಾರ್ ಕುಡದ್ರಿ?"

"ಬಿಸಿಲಿಗೆ ಆರಿರಬೇಕು. ನೀವು ಆರೋದರೊಳಗ ಜಲ್ದಿ ಇಳದ ಬರ್ರಿ!" ಎಂದೆ. ಬರಲಿಲ್ಲ.

ಬಂದವರು ಬೀಗಿತ್ತಿ. ಗೋಡೆಯನ್ನು ಕಣ್ಣಾರೆ ನೋಡಬೇಕೆಂದು ಸುಡು ಮಧ್ಯಾಹ್ನ ಆಟೋ ಇಳಿದರು.

"ಅಕ್ಕಾರ, ಮೊದಲ ಒಂದು ತಂಬಿಗಿ ನೀರು ಕೊಡ್ರಿ."

"ನೀರೊಂದು ಬಿಟ್ಟು ಏನ ಬೇಕಾದ್ರೂ ಕೇಳ್ರಿ" ಎಂದೆ.

ಕಲ್ಲಂಗಡಿ ಹೆಚ್ಚಿ ಕೊಟ್ಟೆ. ತಿಂದು ಅಂಟು ಕೈ ಮುಂದೆ ಹಿಡಿದರು. ಒರೆಸಿಕೊಳ್ಳಲು ಹಳೆಯ ಪೇಪರ್ ಕೊಟ್ಟೆ. "ಬೀಗರಿಗೆ ನೀರಿಲ್ಲ, ಗ್ವಾಡಿಗೆ ಮಾತ್ರ ಧಾರಾಳ ಕುಡಿಸೀರಿ!" ಎನ್ನುತ್ತಾ ಖೋಲಿಗೆ ನಡೆದರು.

ಅಲ್ಲಿ ಗೋಡೆಯ ಮೇಲೆ ಮೊಮ್ಮಗಳ ಫೋಟೋ ಇತ್ತು. ಅವಳು ಹುಟ್ಟಿದ ವಾರದಲ್ಲೇ ನಮ್ಮ ಮನೆಯವರು ಉದ್ದನೆಯ ಮೊಳೆ ಹೊಡೆದು, ನೂರು ವರ್ಷವಾದರೂ ಅಲುಗಬಾರದೆಂದು ಗಟ್ಟಿಯಾಗಿ ನೇತುಹಾಕಿದ್ದರು. ಫೋಟೋದ ಅಂಚು ನೆನೆದು ಉಬ್ಬಿತ್ತು. "ಅಯ್ಯ, ನನ್ನ ಕೂಸು ನೆನೀಲಿಕ್ಕತ್ತೈತಲ್ರೀ!" ಎಂದು ಬೀಗಿತ್ತಿ ಎರಡೂ ಕೈಯಿಂದ ಎಳೆದರು. ಫೋಟೋ ಬಂತು, ಮೊಳೆ ಬಂತು, ಅದರ ಹಿಂದೆಯೇ ಪಿಚಕಾರಿಯಂತೆ ನೀರು ಬಂದು ಅವರ ಮುಖಕ್ಕೆ ಹೊಡೆಯಿತು.

ನಾನು ತೂತಿಗೆ ಹೆಬ್ಬೆರಳಿಟ್ಟೆ. ನೀರು ದಿಕ್ಕು ಬದಲಿಸಿ ಅವರ ಸೀರೆಯನ್ನೂ ತೋಯಿಸಿತು.

ಮೇಲಿಂದ ಕೂಗು: "ಯಾರೋ ನೀರು ಬಿಟ್ರು! ಭರಾಭರಾ ಇಳೀಲಿಕ್ಕತ್ತೈತಿ!"

"ನಿಮ್ಮ ಮೊಳಿ ಪೈಪಿನ್ಯಾಗ ಇತ್ರೀ!" ಎಂದು ಬೀಗಿತ್ತಿಯೇ ಉತ್ತರ ಕೊಟ್ಟರು, ಬಾಯಿಗೆ ಬಂದ ನೀರು ಉಗುಳುತ್ತಾ.

ಮಗ ಓಡಿಹೋಗಿ ಟಾಕಿಯ ಕೆಳಗಿನ ವಾಲ್ವ್ ತಿರುಗಿಸಿದ. ಮೊಳೆ ಪೈಪನ್ನು ಚುಚ್ಚಿ, ತಾನೇ ಬೆಣೆಯಾಗಿ ಕೂತು, ಇಷ್ಟು ದಿನ ಸ್ವಲ್ಪಸ್ವಲ್ಪವೇ ಜಿನುಗಿಸುತ್ತಿತ್ತು. ಗೋಡೆಯ ಆಚೆ ಬಚ್ಚಲು, ಅಲ್ಲಿ ನಲ್ಲಿ. ಅದರಿಂದ ಪೈಪು ನೆಟ್ಟಗೆ ಮೇಲಕ್ಕೆ ಹೋಗಿತ್ತು. ಮೊಳೆ ಹೊಡೆಯುವ ಮೊದಲು ಆಚೆ ಹೋಗಿ ನೋಡಿರಪ್ಪಾ: ನಲ್ಲಿಯ ನೇರಕ್ಕೆ ಮೇಲೆಯೂ ಬೇಡ, ಅಕ್ಕಪಕ್ಕವೂ ಬೇಡ. ಗೋಡೆ ಹಸಿಯಾದರೆ ಬರೀ ಕೂಲರನ್ನು ಬೈಯುತ್ತ ಕೂರಬೇಡಿ.

ಪ್ಲಂಬರ್ ಬಂದು ಗೋಡೆ ಒಡೆದು ಹೊಸ ಪೈಪಿನ ತುಂಡು ಕೂಡಿಸಿದ. ಸಂಜೆ ಬೀಗಿತ್ತಿ ನನ್ನ ಸೀರೆ ಉಟ್ಟು, ಹೊರಗಿನ ಖೋಲಿಯ ನಾಲ್ಕೂ ಗೋಡೆಗೆ ಅಂಗೈ ಒತ್ತಿ ನೋಡಿದರು. ನಾನು ಅವರ ಹಿಂದೆ ಹಿಂದೆಯೇ ಸುತ್ತಿದೆ.

"ಇದು ಬರೋಬರ್ ಒಣಗೈತಿ. ಆ ಗ್ವಾಡಿ ಆರೋತನಕ ಕೂಸಿನ್ನ ಇಲ್ಲೇ ಮಲಗಿಸ್ರಿ" ಎಂದು ನನಗೆ ಹೇಳಿ, ಮಗಳಿಗೆ ಫೋನ್ ಮಾಡಿದರು: "ಕೂಸಿನ ಸಾಮಾನು ಕಟಗೊಂಡು ಬಾರವ್ವಾ. ನೀರು ಎಲ್ಲೀದು ಅಂತ ಸಿಕ್ತು. ಹೆಂಗ ಅಂತ ಮಾತ್ರ ಕೇಳಬ್ಯಾಡ."

ದೀಪ ಹಚ್ಚುವ ಹೊತ್ತಿಗೆ ಸೊಸೆಯೂ ಕೂಸೂ ಬಂದರು. ಆರತಿ ಎತ್ತಿ ಒಳಗೆ ಕರೆದುಕೊಂಡೆ. ಎಲ್ಲರೂ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತೆವು: ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಬಿಸಿಲಿಗೆ ಮೂಗು ಕೆಂಪಾದ ಅಜ್ಜನ ತೊಡೆಯ ಮೇಲೆ ಕೂಸು. ಅವರಿಗೆ ಒಂದೇ ಕೈ ಖಾಲಿ. ರೊಟ್ಟಿ ಮುರಿಯಲಾಗದೆ ಒದ್ದಾಡುತ್ತಿದ್ದರು, ಆದರೆ ಅವಳನ್ನು ಯಾರಿಗೂ ಕೊಡಲೊಲ್ಲರು. ಕಡೆಗೆ ಬೀಗಿತ್ತಿಯೇ ರೊಟ್ಟಿ ಮುರಿದು ಅವರ ತಾಟಿಗೆ ಹಾಕುತ್ತಾ, "ತಿನ್ರಿ ಅಣ್ಣಾರ" ಎಂದರು.