ಕಳ್ಳ ಉಸಿರು

ನಮ್ಮಪ್ಪನಿಗೆ ಬೀದಿಯವರು ಇಟ್ಟ ಹೆಸರು ‘ಕಿವಿ ಡಾಕ್ಟ್ರು’. ಮನುಷ್ಯರ ಕಿವಿಗೂ ಅವನಿಗೂ ಏನೇನೂ ಸಂಬಂಧವಿಲ್ಲ. ಅವನು ಹಳೇ ಮೋಟರ್‌ಸೈಕಲ್ ರಿಪೇರಿಯವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಒಂದು ನಟ್ಟೂ ಬಿಚ್ಚದೆ ಒಳಗಿನ ಕಾಯಿಲೆ ಹೇಳಿಬಿಡುತ್ತಿದ್ದ. ಅಷ್ಟು ತಾಳ್ಮೆಯಿಂದ ಮನೆಯವರ ಮಾತು ಕೇಳಿದ್ದನ್ನು ಮಾತ್ರ ನಾನು ಕಂಡಿಲ್ಲ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅಪ್ಪನಿಗೆ ಗಂಡುಮಕ್ಕಳಿಲ್ಲ. ನಾನು ಬೆಳೆದದ್ದೇ ಪೆಟ್ರೋಲಿನಲ್ಲಿ ಬಿಡಿಭಾಗ ತೊಳೆಯುತ್ತ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರನ್ನು ಬಿಟ್ಟು ಬೇರೆ ಯಾವುದೋ ಸಂದಿಯಿಂದ ಇಂಜಿನ್ ಗಾಳಿ ಎಳೆದರೆ ಬೇರೆ ಅಂಗಡಿಯವರು ‘ಏರ್ ಲೀಕ್’ ಎನ್ನುತ್ತಾರೆ. ನಮ್ಮಪ್ಪ ‘ಕಳ್ಳ ಉಸಿರು’ ಎನ್ನುತ್ತಿದ್ದ. ನನ್ನ ತಲೆಯನ್ನು ಇಂಜಿನ್ನಿನ ಪಕ್ಕಕ್ಕೆ ಬಾಗಿಸಿ, “ಸಣ್ಣ ಸೀಟಿ ಕೇಳಿಸ್ತಾ? ಅದೇ ಕಳ್ಳ” ಎಂದು ಕಲಿಸಿದವನೂ ಅವನೇ. ನನಗೆ ಗಂಡು ನೋಡಲು ಶುರುಮಾಡಿದ ದಿನ, “ಇನ್ನು ಸಾಕು, ಕೈ ತೊಳ್ಕೊಂಡು ಒಳಗ್ಹೋಗು” ಎಂದವನೂ ಅವನೇ.

ಗಂಡ ಸಿಕ್ಕಿದ, ಅಳಿಯನಾಗಿ ಈ ಮನೆಗೇ ಬಂದ. ಮುಂಚೆ ಅವನದೊಂದು ಮೊಬೈಲ್ ಅಂಗಡಿ ಇತ್ತು, ಮುಚ್ಚಿಹೋಯಿತು. ಮಾವನ ಅಂಗಡಿಯಲ್ಲಿ ಕುರ್ಚಿ ಖಾಲಿಯಿತ್ತು, ಕೂತ. ಕೆಟ್ಟವನಲ್ಲ. ಆದರೆ ಸ್ಪ್ಯಾನರ್ ಕೈಗೆ ಬಂದರೆ ಎಲ್ಲ ನಟ್ಟನ್ನೂ ಹಗೆ ತೀರಿಸಿಕೊಳ್ಳುವವನಂತೆ ಬಿಗಿಯುತ್ತಿದ್ದ. ಅಪ್ಪ ಕೈಲಾಗದೆ ಕೂತ ದಿನ ಅಂಗಡಿ ಯಾರ ಪಾಲಿಗೆ ಎನ್ನುವುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. ನನಗೆ ಬೇಕಿತ್ತು. ಚಿನ್ನ ಬೇಡ, ಸೀರೆ ಬೇಡ, ಆ ಅಂಗಡಿ ಬೇಕಿತ್ತು.

ಈಚೆಗೆ ಅಪ್ಪನಿಗೆ ಸಣ್ಣ ಸದ್ದುಗಳು ಕೇಳಿಸುತ್ತಿರಲಿಲ್ಲ. ಪಕ್ಕದಲ್ಲೇ ಫೋನು ಬಡಕೊಂಡರೂ ಸುಮ್ಮನಿರುತ್ತಿದ್ದ. ಹೇಳಿದರೆ, “ನನ್ನ ಕಿವಿಗೇನಾಗಿದೆ? ನೀವು ಗೊಣಗೋದು ಬಿಟ್ಟು ಬಾಯ್ಬಿಟ್ಟು ಮಾತಾಡಿ” ಎಂದು ನಮ್ಮ ಮೇಲೇ ಹರಿಹಾಯುತ್ತಿದ್ದ.

ಹೀಗಿರುವಾಗ ಹಲ್ಲಿನ ಡಾಕ್ಟರು ತಮ್ಮ ಹಳೇ ಗಾಡಿಯನ್ನು ತಳ್ಳಿಕೊಂಡು ಬಂದರು. ಅವರ ತಂದೆ ಓಡಿಸುತ್ತಿದ್ದ ಗಾಡಿ, ಮಗುವಿಗಿಂತ ಹೆಚ್ಚಾಗಿ ಸಾಕಿದ್ದರು. ಚೋಕ್ ಎಳೆದು ಕಿಕ್ ಹೊಡೆದರೆ ಹೇಗೋ ಹೊತ್ತಿಕೊಳ್ಳುತ್ತಿತ್ತು. ಚೋಕ್ ಬಿಟ್ಟರೆ ಆರಿಹೋಗುತ್ತಿತ್ತು. ಎಕ್ಸಲರೇಟರ್ ಹಿಡಿದೇ ಇದ್ದರೆ ಓಡುತ್ತಿತ್ತು. ಕೈ ಬಿಟ್ಟರೆ ನಿಲ್ಲುತ್ತಿತ್ತು.

“ಹೋದ ಸರ್ವಿಸ್ ಆದ್ಮೇಲೆ ಹೀಗಾಗಿದೆ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡಿ, ದೊಡ್ಡ ಗ್ಯಾರೇಜಿಗೆ ಕೊಡ್ತೀನಿ” ಎಂದರು.

ಅಪ್ಪನಿಗೆ ಅದು ಕೇಳಿಸಿತು. ಪ್ಲಗ್ ಬದಲಾಯಿಸಿದ. ಕಿಡಿ ಹಾರಿಸುವ ಪಾಯಿಂಟ್ ಉಜ್ಜಿದ. ಕಾರ್ಬೊರೇಟರ್ ಇಳಿಸಿ, ತೊಳೆದು, ಪೆಟ್ರೋಲ್ ಚಿಮ್ಮುವ ಜೆಟ್ಟಿನ ತೂತಿಗೆ ಬಾಯಿಟ್ಟು ಊದಿದ. ಮತ್ತೆ ಇಳಿಸಿದ, ಮತ್ತೆ ಊದಿದ. ಗಾಡಿ ಮಾತ್ರ ಜಪ್ಪಯ್ಯ ಅಂದರೂ ನಿಂತಲ್ಲಿ ಓಡಲಿಲ್ಲ. ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ಬಹಳ ಹೊತ್ತು ನಿಂತ. ಅದರಲ್ಲಿ ಬಡಿತ ಕೇಳುತ್ತದೆ, ಸೀಟಿ ಕೇಳುವುದಿಲ್ಲ. ಗಂಡನಿಗೆ ಊಟಕ್ಕೆ ಹೇಳಲು ಹೋದ ನನಗೆ ಬಾಗಿಲಲ್ಲೇ ಆ ಸೀಟಿ ಕೇಳಿಸಿತು.

“ಅಪ್ಪ, ಕಳ್ಳ ಉಸಿರು” ಎಂದೆ.

“ನೀನು ಒಳಗ್ಹೋಗೇ. ಎಲ್ಲದಕ್ಕೂ ಮೂಗು ತೂರಿಸ್ಬೇಡ.”

ಊಟವಾಗಿ ಅಪ್ಪ ಮಲಗಿದ, ಗಂಡ ಎಲ್ಲಿಗೋ ಹೋದ. ನಾನು ಅಂಗಡಿಗೆ ಇಳಿದೆ. ಗಾಡಿ ಸ್ಟಾರ್ಟ್ ಮಾಡಿ, ಎಕ್ಸಲರೇಟರ್ ಕೊಂಚ ಹಿಡಿದುಕೊಂಡು, ಕಾರ್ಬೊರೇಟರ್ ಇಂಜಿನ್ನಿಗೆ ಕೂರುವ ಸಂದಿಗೆ ನಾಲ್ಕು ಹನಿ ಎಣ್ಣೆ ಬಿಟ್ಟೆ. ಸೀಟಿ ನಿಂತಿತು, ಇಂಜಿನ್ನಿನ ಉಸಿರು ಹದಕ್ಕೆ ಬಂತು. ಕಾರ್ಬೊರೇಟರ್ ಬಿಚ್ಚಿ ಅದರ ಮುಖವನ್ನು ಗಾಜಿನ ಮೇಲಿಟ್ಟು ನೋಡಿದರೆ ಬಾಗಿದೆ. ಎರಡು ಕಡೆಯ ನಟ್ಟನ್ನು ಹಿಂದೆ ಯಾರೋ ಸಿಕ್ಕಾಪಟ್ಟೆ ಬಿಗಿದಿದ್ದಾರೆ. ಯಾರು ಎಂದು ಹೇಳಬೇಕಾಗಿಲ್ಲ. ಹೋದ ಸರ್ವಿಸ್ ಮಾಡಿದವನು ನನ್ನ ಗಂಡನೇ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ಮುಖ ಮಟ್ಟಸವಾಗುವ ತನಕ ಉಜ್ಜಿದೆ. ಸಂದಿ ಮುಚ್ಚಲು ಹೊಸ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿ, ಎಷ್ಟು ಬೇಕೋ ಅಷ್ಟೇ ಬಿಗಿದೆ. ಒಂದೇ ಕಿಕ್ಕಿಗೆ ಹೊತ್ತಿಕೊಂಡಿತು. ಕೈ ಬಿಟ್ಟೆ, ಓಡುತ್ತಲೇ ಇತ್ತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅಪ್ಪ ಎದ್ದು ಬಂದ. ಟ್ಯಾಂಕಿನ ಮೇಲೆ ಅಂಗೈ ಇಟ್ಟು ನೋಡಿದ. ಗಾಜನ್ನು, ಉಪ್ಪುಕಾಗದವನ್ನು, ನನ್ನ ಕೈಯ ಮಸಿಯನ್ನು ನೋಡಿದ. ಏನಾದರೂ ಹೇಳುತ್ತಾನೆ ಎಂದು ಸಂಜೆಯವರೆಗೆ ಕಾದೆ.

ಸಂಜೆ ಡಾಕ್ಟರು ಬಂದರು. ಬಾಗಿಲ ಹಿಂದೆ ನಿಂತು ನಾನು ಎಲ್ಲ ಕೇಳಿಸಿಕೊಂಡೆ.

“ನನ್ನ ಕಿವಿ ಮೊದ್ಲಿನ ಹಾಗಿಲ್ಲ ಡಾಕ್ಟ್ರೇ” ಎಂದ ಅಪ್ಪ. ಅಮ್ಮನ ಮುಂದೆ, ನನ್ನ ಮುಂದೆ ಒಪ್ಪಿಕೊಳ್ಳದ್ದನ್ನು ಗಿರಾಕಿಯ ಮುಂದೆ ಒಪ್ಪಿಕೊಂಡ. ನಾನು ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತೆ. “ಇದನ್ನ ಹಿಡಿದಿದ್ದು ನಾನಲ್ಲ. ನಮ್ಮ ಅಳಿಯಂದ್ರು. ಇನ್ಮೇಲೆ ಅಂಗಡಿ ಅವರದೇ.”

ಡಾಕ್ಟರು ನನ್ನ ಗಂಡನ ಕೈ ಕುಲುಕಿದರು. ಅವನು ಇಲ್ಲ ಎನ್ನಲಿಲ್ಲ. ರಾತ್ರಿ ಮಲಗುವಾಗ, “ಆ ಸೀಟಿ ಎಲ್ಲಿಂದ ಬರ್ತಿತ್ತು, ಒಂಚೂರು ಹೇಳು. ಯಾರಾದ್ರೂ ಕೇಳಿದ್ರೆ ಬೇಕಲ್ವಾ” ಎಂದ. ನಾನು ಗೋಡೆಯ ಕಡೆ ತಿರುಗಿದೆ.

ಮುಂದಿನ ವಾರ ಇನ್ನೊಂದು ಹಳೇ ಗಾಡಿ ಬಂತು, ಅದೂ ಸ್ಟಾರ್ಟ್ ಆಗದ್ದು. ಮಾವನೂ ಅಳಿಯನೂ ಸೇರಿ ಬೆವರು ಸುರಿಸಿದರು. ಅಪ್ಪ ಅಡುಗೆಮನೆಗೆ ಬಂದು, ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಜೋರಾಗಿ, “ಗಿರಾಕಿ ಆಚೆ ಹೋಗಿದಾನೆ. ಬಾರಮ್ಮ, ಒಂದ್ನಿಮಿಷ ನೋಡಿ ಬಂದ್ಬಿಡು” ಎಂದ.

ತರಕಾರಿ ಹೆಚ್ಚುತ್ತಲೇ, “ನಿನ್ನ ಅಳಿಯಂದ್ರನ್ನ ಕೇಳು” ಎಂದೆ.

“ಏನಂದೆ?” ಕೈಯನ್ನು ಕಿವಿಯ ಹಿಂದೆ ಇಟ್ಟು ಬಾಗಿದ. ಆ ಕ್ಷಣ ಅವನ ಮುಖ ನೋಡಿ ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಆದರೂ ಗಂಟಲು ಹರಿಯುವಂತೆ ಕೂಗಿ ಹೇಳಿದೆ: “ನಂಗೇನೂ ಗೊತ್ತಿಲ್ಲ ಅಪ್ಪ! ಅಳಿಯಂದ್ರನ್ನ ಕೇಳು!”

ಅವನು ಹೊರಟುಹೋದ. ಅಂಗಡಿಯಲ್ಲಿ ನನ್ನ ಗಂಡ ಕಿಕ್ ಹೊಡೆಯುತ್ತಲೇ ಇದ್ದ. ಆ ಗಾಡಿಗೆ ಏನಾಗಿದೆ ಎಂದು ನನಗೆ ಒಲೆಯ ಮುಂದೆ ಕೂತೇ ಗೊತ್ತಾಗುತ್ತಿತ್ತು. ಹೇಳಲಿಲ್ಲ.