ಬೈಂಡು ಹಾಕಿದ ಎರಡು ಪುಸ್ತಕಗಳು

ಪುಸ್ತಕ ಮನೆಗೆ ಬಂದ ಕೂಡಲೇ ಬೈಂಡು ಹಾಕುವುದು ನನಗೆ ಕಾನ್ವೆಂಟಿನಿಂದ ಅಂಟಿಕೊಂಡ ಚಟ. ಉಡುಪಿಯ ನಮ್ಮ ಶಾಲೆಯಲ್ಲಿ ಜೂನ್ ತಿಂಗಳು ಬಂತೆಂದರೆ ಸಿಸ್ಟರ್ ಒಬ್ಬೊಬ್ಬರ ಪುಸ್ತಕವನ್ನೂ ಕೈಗೆ ತಗೊಂಡು, ಕಂದು ಕಾಗದದ ಮೂಲೆ ಸರಿಯಾಗಿ ಮಡಚಿದೆಯೋ ಎಂದು ಉಗುರಿನಿಂದ ಒತ್ತಿ ನೋಡುತ್ತಿದ್ದರು. ಅವರದೇ ಇನ್ನೊಂದು ಕಟ್ಟಳೆ ಇತ್ತು. ಮುನ್ನುಡಿ, ಬೆನ್ನುಡಿ, ಲೇಖಕರ ಪರಿಚಯ ಎಲ್ಲ ಕೊನೆಗೆ ಓದಬೇಕು. ಮೊದಲೇ ಓದಿದರೆ ಬೇರೆಯವರ ಅಭಿಪ್ರಾಯ ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ನಿಮ್ಮದಕ್ಕೆ ಜಾಗ ಇರುವುದಿಲ್ಲ ಎನ್ನುತ್ತಿದ್ದರು. ನಲವತ್ತು ದಾಟಿ, ಇಂಗ್ಲಿಷರ ನಾಡಿಗೆ, ಕ್ರೋಯ್ಡನ್ನಿನ ಫ್ಲ್ಯಾಟಿಗೆ ಬಂದಮೇಲೂ ಈ ಎರಡನ್ನೂ ನಾನು ಬಿಟ್ಟಿರಲಿಲ್ಲ. ನನ್ನ ಗ್ರಹಚಾರಕ್ಕೆ ಅದೇ ಕಾರಣವಾಯಿತು.

ಅಲ್ಲಿ ನಮ್ಮದೊಂದು ಓದುವ ಬಳಗವಿತ್ತು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಲೈಬ್ರರಿಯ ಮಹಡಿಯ ಚಿಕ್ಕ ಕೋಣೆಯಲ್ಲಿ ಆರೇಳು ಹೆಂಗಸರು ಸೇರುತ್ತಿದ್ದೆವು. ಪುಸ್ತಕ ಇಂಗ್ಲಿಷಿನದು, ಮಾತು ಕನ್ನಡದ್ದು. ನಡೆಸುತ್ತಿದ್ದವರು ಧಾರವಾಡದ ಕಡೆಯ ನಿವೃತ್ತ ಟೀಚರ್. ಟ್ರಾಮಿನಲ್ಲಿ ನಾಲ್ಕು ಸ್ಟಾಪು ಆಚೆ, ಕೆಲಸಕ್ಕೆ ಹೋಗುವ ಮಗಳ ಜೊತೆ ಇದ್ದರು. ನನ್ನನ್ನು ‘ತಂಗಿ’ ಎನ್ನುತ್ತಿದ್ದರು. ನಮ್ಮ ಯಜಮಾನರು ಕ್ಯಾನರಿ ವಾರ್ಫಿನ ಆಫೀಸಿಗೆ, ನನ್ನ ಮಗಳು ಶಾಲೆಗೆ ಹೊರಟುಹೋದಮೇಲೆ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಮಂಗಳವಾರ ಹನ್ನೊಂದು ಗಂಟೆಗೆ ಮಾತ್ರ ಟೀಚರ್ ಫೋನು ಬರುತ್ತಿತ್ತು. ಅಡುಗೆ ಏನೆಂದು ಶುರುವಾಗಿ ಎಲ್ಲೆಲ್ಲಿಗೋ ಹೋಗುವ ಆ ಮುಕ್ಕಾಲು ಗಂಟೆಗಾಗಿ ನಾನು ಸೋಮವಾರದಿಂದಲೇ ಕಾಯುತ್ತಿದ್ದೆ. ಆ ಊರಲ್ಲಿ ನನ್ನವರು ಅಂತ ಹೇಳಿಕೊಳ್ಳಲು ಇದ್ದವರು ಅವರೊಬ್ಬರೇ.

ಯುರೋಪಿನ ಜೊತೆ ಇರಬೇಕೋ ಬಿಡಬೇಕೋ ಎಂದು ದೇಶವೆಲ್ಲ ಮತ ಹಾಕಲು ಹೊರಟಿದ್ದ ಬೇಸಿಗೆ ಅದು. ಈ ಸಲ ರಾಜಕೀಯದ ಪುಸ್ತಕ ಓದೋಣ, ಒಂದು ಕಾದಂಬರಿ, ಒಂದು ನಿಜದ್ದು ಎಂದು ಬಳಗದಲ್ಲಿ ತೀರ್ಮಾನವಾಯಿತು. ಎರಡನ್ನೂ ಟೀಚರೇ ಲೈಬ್ರರಿಯಿಂದ ತೆಗೆದುಕೊಟ್ಟರು. ಮನೆಗೆ ಬಂದವಳೇ ಎರಡಕ್ಕೂ ಬೈಂಡು ಹಾಕಿದೆ. ಅಭ್ಯಾಸ ಒಂದು ಕಡೆ. ಬಸ್ಸಿನಲ್ಲಿ ರಟ್ಟಿನ ಮೇಲಿನ ಪಾರ್ಲಿಮೆಂಟಿನ ಚಿತ್ರ ನೋಡಿ ಯಾರಾದರೂ ‘ನೀನು ಯಾವ ಕಡೆ?’ ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆ ಇನ್ನೊಂದು ಕಡೆ. ಆ ದಿನಗಳಲ್ಲಿ ಜನ ಹಾಗೆ ಕೇಳುತ್ತಿದ್ದರು.

ಸೆಲ್ಲೋಟೇಪು ಒಳಗಿಡುವ ಹೊತ್ತಿಗೆ ಟೀಚರ್ ಫೋನು ಮಾಡಿದರು. "ತಂಗಿ, ಹೇಳೂದು ಮರತೆ ನೋಡು. ನೀಲಿ ರಟ್ಟಿಂದು ಕಥಿ. ಹಸಿರು ರಟ್ಟಿಂದು ಖರೆ."

ನನ್ನ ಮುಂದೆ ಎರಡೂ ಕಂದು ಬಣ್ಣದಲ್ಲಿ ಕೂತಿದ್ದವು. "ಆಯ್ತು ಟೀಚರ್" ಎಂದೆ. ಅಷ್ಟು ನೀಟಾಗಿ ಮಡಚಿದ ಕಾಗದ ಬಿಚ್ಚಲು ಮನಸ್ಸು ಬರಲಿಲ್ಲ. ಒಳಗಿನ ಮೊದಲ ನಾಲ್ಕು ಹಾಳೆ ನೋಡಿದ್ದರೂ ತಿಳಿಯುತ್ತಿತ್ತು. ಸಿಸ್ಟರ್ ಬಿಡಬೇಕಲ್ಲ!

ಓದಿದರೆ ಯಾವುದು ಯಾವುದೆಂದು ತಾನೇ ಗೊತ್ತಾಗುತ್ತದೆ ಎಂದುಕೊಂಡೆ. ಒಂದರಲ್ಲಿ ಮಾಜಿ ಮಂತ್ರಿಯೊಬ್ಬ ‘ನಾನು ಹೀಗೆ ಮಾಡಿದೆ, ತಪ್ಪು ನನ್ನದು’ ಎಂದು ತಾರೀಕು ಸಮೇತ ಒಪ್ಪಿಸುತ್ತಾನೆ. ಅವನ ಒಂದು ಸಹಿಯಿಂದ ಒಂದು ಊರಿನ ಆಸ್ಪತ್ರೆಯೇ ಮುಚ್ಚಿಹೋಗಿರುತ್ತದೆ. ಇದು ನಿಜದ್ದೇ, ಇಲ್ಲದಿದ್ದರೆ ಇಷ್ಟೊಂದು ತಾರೀಕು ಯಾಕೆ? ಇನ್ನೊಂದು ಮಳೆಯಿಂದ ಶುರುವಾಗುತ್ತದೆ. ಪಾರ್ಲಿಮೆಂಟಿನ ಸದಸ್ಯೆಯೊಬ್ಬಳು ಜ್ವರದಿಂದ ಸುಡುತ್ತಿರುವ ಮಗುವನ್ನು ವಾರ್ಡಿನಲ್ಲಿ ಬಿಟ್ಟು ಮತ ಹಾಕಲು ಓಡುತ್ತಾಳೆ. ಅವಳ ಒದ್ದೆ ಶೂ ನೆಲದ ಮೇಲೆ ಮಾಡುವ ಸದ್ದನ್ನೇ ಅರ್ಧ ಪುಟ ಬರೆದಿದೆ. ಕಾದಂಬರಿಯಲ್ಲದೆ ಇನ್ನೇನು? ಒಂದು ಸಂಜೆ ಮಂತ್ರಿಯ ಕಷ್ಟಕ್ಕೆ ಕಣ್ಣೊರೆಸಿಕೊಳ್ಳುತ್ತಾ ಚಪಾತಿ ಲಟ್ಟಿಸುತ್ತಿದ್ದವಳನ್ನು ನೋಡಿ ಇವರು, "ಎಂತದು, ಈರುಳ್ಳಿ ಕಾಣ್ತಾ ಇಲ್ಲ, ಕಣ್ಣೀರು ಮಾತ್ರ ಉಂಟು!" ಎಂದು ನಕ್ಕರು.

ಎರಡೂ ಮುಗಿಯುವಾಗ ಶುಕ್ರವಾರ ರಾತ್ರಿಯಾಗಿತ್ತು, ಮುನ್ನುಡಿ ಓದಲು ಹೊತ್ತು ಉಳಿಯಲಿಲ್ಲ. ಶನಿವಾರ ನಾನು ಗೋಳಿಬಜೆ ಕಟ್ಟಿಕೊಂಡು ಹೋದೆ. ಯಾವತ್ತೂ ಕೊನೆಗೆ ಬಾಯಿ ಬಿಡುವವಳು ನಾನು. ಟೀಚರ್ ಅವತ್ತು, "ನಮ್ಮ ತಂಗೀದ ಮೊದಲ ಪಾಳಿ" ಎಂದುಬಿಟ್ಟರು.

ಮಂತ್ರಿಯಿಂದ ಶುರುಮಾಡಿದೆ. ಪಾಪ, ತಪ್ಪು ಒಪ್ಪಿಕೊಳ್ಳುವುದಕ್ಕೂ ದೊಡ್ಡ ಮನಸ್ಸು ಬೇಕು, ಓದಿ ಮುಗಿಸಿದಾಗ ಅವರ ಮೇಲೆ ಸಿಟ್ಟೇ ಉಳಿಯಲಿಲ್ಲ ಎಂದೆ. ಯಾರೋ ಹುಬ್ಬೇರಿಸಿದರು. ನನಗೆ ಮಾತು ಚೆನ್ನಾಗಿ ಬರುತ್ತಿದೆ ಎನ್ನಿಸಿತು.

"ಆದರೆ ಆ ಹೆಂಗಸಿನ ಕಾದಂಬರಿ ನನಗೆ ಹಿಡಿಸಲಿಲ್ಲ. ಓದುವವರನ್ನು ಅಳಿಸಲು ಬೇಕೆಂದೇ ಕಟ್ಟಿದ್ದಾರೆ. ಮಗು ಜ್ವರದಲ್ಲಿ ಬಿದ್ದಿರುವಾಗ ಮತ ಹಾಕಲು ಹೋಗುವುದು ಅಂದರೆ! ಹೆತ್ತವಳು ಯಾರೂ ಹಾಗೆ ಮಾಡಲ್ಲ."

ಬೆಂಗಳೂರಿನ ಗೆಳತಿಯೊಬ್ಬರು ಬಾಯಲ್ಲಿದ್ದ ಗೋಳಿಬಜೆ ನುಂಗಲಾಗದೆ ಕೆಮ್ಮಿದರು. "ಅಯ್ಯೋ ರೀ, ಅದು ಕಾದಂಬರಿ ಅಲ್ಲ ಕಣ್ರೀ! ಆಯಮ್ಮ ತನ್ನದೇ ಕಥೆ ಬರ್ಕೊಂಡಿರೋದು. ಬದುಕಿದಾರೆ ಇನ್ನೂ! ನೀವು ಪಾಪ ಅಂದ್ರಲ್ಲ, ಆ ಮಂತ್ರೀನೇ ಸುಳ್ಳು!"

ಕೋಣೆಯೆಲ್ಲ ನಗು. ನಾನೂ ಸೇರಿ ನಕ್ಕೆ, ಮತ್ತೇನು ಮಾಡುವುದು? ಟೀಚರ್ ಒಬ್ಬರೇ ನಗಲಿಲ್ಲ. ಆಗಲೇ ಬಿಗಿಯಾಗಿದ್ದ ಫ್ಲಾಸ್ಕಿನ ಮುಚ್ಚಳವನ್ನು ಮತ್ತೆ ಮತ್ತೆ ತಿರುಗಿಸುತ್ತಿದ್ದರು.

ಟ್ರಾಮ್ ಸ್ಟಾಪಿನಲ್ಲಿ ಬೆಂಗಳೂರಿನವರು ದನಿ ತಗ್ಗಿಸಿದರು. "ನಿಮಗೆ ಗೊತ್ತಿರಲಿಲ್ವಾ? ಟೀಚರ್ ಕೆಲಸಕ್ಕೆ ಸೇರೋ ಮುಂಚೆ ಅವರ ಊರಿನ ಪುರಸಭೆ ಸದಸ್ಯೆ ಆಗಿದ್ರಂತೆ. ಅವರೂ ಹೀಗೇ, ಮಗೂನ ಆಸ್ಪತ್ರೇಲಿ ಬಿಟ್ಟು ಮೀಟಿಂಗಿಗೆ ಹೋಗಿದ್ರಂತೆ. ಅತ್ತೆ ಮನೇವ್ರು ಕೊನೇವರೆಗೂ ಆಡ್ಕೊಂಡ್ರಂತೆ. ಅದಕ್ಕೇ ಈ ಪುಸ್ತಕ ಆರಿಸಿದ್ದು ಅವ್ರು."

ಟ್ರಾಮ್ ಬಂತು. ಹತ್ತಿದ್ದು ನೆನಪಿಲ್ಲ.

ಆ ಮಂಗಳವಾರ ಹನ್ನೊಂದಾಯಿತು, ಹನ್ನೆರಡಾಯಿತು, ಫೋನು ಬರಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ. ಮಗಳಿಗೆ ಹೇಳಿಕೊಂಡರೆ, "ಅಮ್ಮಾ, ಜಸ್ಟ್ ಸೇ ಸಾರಿ" ಎಂದಳು. ಯಾವುದಕ್ಕೆ ಸಾರಿ? ಪುಸ್ತಕ ಅದಲುಬದಲಾಗಿದ್ದಕ್ಕೋ, ನಾನು ಹೇಳಿದ್ದಕ್ಕೋ? ಅದಲುಬದಲಾಗಿದ್ದು ತಪ್ಪು ಎನ್ನಬಹುದು. ಹೇಳಿದ್ದು ಮಾತ್ರ ಆ ಗಳಿಗೆಯಲ್ಲಿ ನಾನು ನಂಬಿದ್ದೇ ಅಲ್ಲವೇ? ಆಸ್ಪತ್ರೆ ಮುಚ್ಚಿಸಿದವನನ್ನು ಅಷ್ಟು ಸುಲಭವಾಗಿ ಕ್ಷಮಿಸಿದ ನಾನು ಒಂದು ಮಧ್ಯಾಹ್ನ ಮಗುವನ್ನು ಬಿಟ್ಟುಹೋದವಳನ್ನು ಯಾಕೆ ಕ್ಷಮಿಸಲಿಲ್ಲ? ಅವನು ಗಂಡಸು ಅಂತಲೋ? ನಿಜವಾದ ಮನುಷ್ಯ ಎಂದುಕೊಂಡದ್ದಕ್ಕೋ? ಒಗೆದ ಕಾಲುಚೀಲಗಳ ಜೋಡಿ ಹುಡುಕುತ್ತಾ ಇದನ್ನೇ ಯೋಚಿಸಿದೆ. ನಾಲ್ಕು ಕಾಲುಚೀಲ ಒಂಟಿಯಾಗಿಯೇ ಉಳಿದವು.

ಗುರುವಾರ ಎರಡೂ ಪುಸ್ತಕ ಚೀಲಕ್ಕೆ ಹಾಕಿಕೊಂಡು ನಾನೇ ಹೊರಟೆ. ಬಾಗಿಲು ತೆಗೆದದ್ದು ಟೀಚರ್ ಮಗಳು, ಅವತ್ತು ರಜೆಯಲ್ಲಿದ್ದಳು. ಟೀಚರ್ ಕಿಟಕಿಯ ಹತ್ತಿರ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. "ಬಾ, ಕುಂದರು" ಎಂದರು. ತಂಗಿ ಎನ್ನಲಿಲ್ಲ.

ಬೈಂಡಿನ ಕಥೆ ಹೇಳಿದೆ. ಸಿಸ್ಟರ್, ಕಂದು ಕಾಗದ, ನೀಲಿ, ಹಸಿರು, ಎಲ್ಲ. ಹೇಳುತ್ತಾ ಹೋದಂತೆ ನನಗೇ ಅದು ಕಟ್ಟುಕಥೆಯ ಹಾಗೆ ಕೇಳಿಸಿತು. ಕೊನೆಗೆ, "ನಿಮ್ಮ ವಿಷಯ ನನಗೆ ಗೊತ್ತಿರಲಿಲ್ಲ ಟೀಚರ್" ಎಂದೆ.

ಅವರು ನಾನು ಚೀಲದಿಂದ ತೆಗೆದಿಟ್ಟ ಪುಸ್ತಕವನ್ನು ತಿರುಗಿಸಿ, ಮೂಲೆಯ ಮಡಿಕೆಯನ್ನು ಸಿಸ್ಟರ್ ಹಾಗೆಯೇ ಬೆರಳಿನಿಂದ ಒತ್ತಿ ನೋಡಿದರು. "ಹೆಣ್ಣುಮಕ್ಕಳ ಸಾಲಿ ಕಟ್ಟಸ್ಲಿಕ್ಕೆ ಜಾಗಾ ಕೊಡೂದು ಅವತ್ತ ಠರಾವು ಆಗಬೇಕಿತ್ತು. ಒಂದು ಕೈ ಕಡಿಮಿ ಬೀಳ್ತದ ಅಂತ ಓಡಿದೆ. ಹೋಗಿ ನೋಡಿದ್ರ ಕೋರಂಗ ಬೇಕಾದಷ್ಟು ಮಂದಿನ ಬಂದಿಲ್ಲ! ಮೀಟಿಂಗ ಮುಂದಕ್ಕ ಹಾಕಿದ್ರು. ಚಾ ಕುಡದು ಬಂದೆ ನೋಡು, ಅಷ್ಟ."

"ಅವ್ವಾ, ಎಷ್ಟು ಸಲ ಹೇಳ್ತಿ ಅದನ್ನ? ನನಗ ಆ ಜ್ವರಾನ ನೆನಪಿಲ್ಲ" ಎಂದಳು ಮಗಳು ಅಡುಗೆಮನೆಯಿಂದ.

"ನಿನಗ ನೆನಪಿಲ್ಲ. ನನಗದ." ಆಮೇಲೆ ನನ್ನ ಕಡೆ ತಿರುಗಿದರು. "ನೀ ಅಂದದ್ದಕ್ಕ ಸಿಟ್ಟು ಬಂತು, ಸುಳ್ಳು ಯಾಕ ಹೇಳ್ಲಿ. ಆದ್ರ ಒಂದು ಹೇಳು. ಅದು ಖರೆ ಅಂತ ಗೊತ್ತಿದ್ದಿದ್ರ ಏನಂತಿದ್ದಿ?"

ನಾನು ಮೆಂತ್ಯದ ಒಂದು ಕಡ್ಡಿ ಎತ್ತಿಕೊಂಡೆ. ಪಾಪ ಎನ್ನುತ್ತಿದ್ದೆ, ಖಂಡಿತ. ಆದರೆ ಅದು ಮನಸ್ಸಿನಿಂದ ಬರುತ್ತಿತ್ತೋ, ಕಾನ್ವೆಂಟಿನ ಮರ್ಯಾದೆಯಿಂದ ಬರುತ್ತಿತ್ತೋ?

"ಗೊತ್ತಿಲ್ಲ ಟೀಚರ್."

ಅವರು ಸೊಪ್ಪಿನ ಇನ್ನೊಂದು ಕಟ್ಟನ್ನು ನನ್ನ ಮುಂದೆ ತಳ್ಳಿದರು. ಇಬ್ಬರೂ ಬಿಡಿಸಿದೆವು.

ಮಂಗಳವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಫೋನು ಬಂತು.

"ತಂಗಿ, ಉತ್ತರ ಸಿಕ್ತೇನು?"

"ಇಲ್ಲ ಟೀಚರ್."

"ಸಿಕ್ಕಾಗ ಹೇಳೀಯಂತ. ಏನ್ ಅಡಿಗಿ ಇವತ್ತು?"

ಬಸಳೆ ಸಿಗಲಿಲ್ಲ, ಪಾಲಕ್ ಹಾಕಿದ್ದೇನೆ ಎಂದೆ. ಉತ್ತರ ಇನ್ನೂ ಸಿಕ್ಕಿಲ್ಲ.